ರಾಜ್ಯ ಅತಿಥಿಯ ಶೌಚಾಲಯ

ನಮ್ಮ ಶಾಲೆಯ ಹುಡುಗಿಯರು ಬೆಳಗ್ಗೆ ಎದ್ದು ನೀರು ಕುಡಿಯುತ್ತಿರಲಿಲ್ಲ. ಮನೆಯಲ್ಲಿ ನೀರಿರಲಿಲ್ಲ ಅಂತಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ, ಅಷ್ಟೇ. ಸೇಡಂನಿಂದ ಚಿತ್ತಾಪುರದ ಕಡೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳೆಲ್ಲ ಮುಗಿದ ಮೇಲೆ ಸಿಗುವ ಸರ್ಕಾರಿ ಪ್ರೌಢಶಾಲೆ ನಮ್ಮದು. ನಾನು ಅದರ ಮುಖ್ಯೋಪಾಧ್ಯಾಯಿನಿ, ವಿಜ್ಞಾನ, ಗಣಿತದ ಪಾಠಗಳೂ ನನ್ನವೇ. ಮನುಷ್ಯನ ದೇಹಕ್ಕೆ ನೀರು ಎಷ್ಟು ಮುಖ್ಯ ಎಂಬ ಪಾಠವನ್ನು ಪ್ರತಿವರ್ಷ ಒಣಗಿದ ಗಂಟಲಿನಲ್ಲಿ ಹೇಳುತ್ತಿದ್ದೆ, ಒಣಗಿದ ತುಟಿಯ ಹುಡುಗಿಯರು ಅದನ್ನು ಬರೆದುಕೊಳ್ಳುತ್ತಿದ್ದರು.

ಹೀಗೆ ಮಾಡಿ ಮಾಡಿ ನನ್ನ ಮೂತ್ರಪಿಂಡದಲ್ಲಿ ಕಲ್ಲಾಯಿತು. ಕಲಬುರಗಿಯ ವೈದ್ಯರು ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂತ ವಿಚಾರಿಸಿದರು. ನನ್ನ ಉತ್ತರ ಕೇಳಿ, ಓದಿದವರೇ ಹೀಗೆ ಮಾಡಿದರೆ ಹೇಗೆ ಅಂತ ಬೈದರು. ಬೈಸಿಕೊಂಡು ಬಂದೆ. ನಮ್ಮದು ಮೊದಲೇ ಕಲ್ಲಿನ ಸೀಮೆ. ಶಹಾಬಾದದ ಕಲ್ಲು ಊರೂರ ಮನೆಗಳ ನೆಲಕ್ಕೆ ಹೋಗುತ್ತದೆ, ವಾಡಿಯ ಕಲ್ಲು ಸಿಮೆಂಟಾಗಿ ಚೀಲ ಸೇರುತ್ತದೆ, ನನ್ನ ಪಾಲಿಗೆ ಬಂದದ್ದು ಇದು ಅಂದುಕೊಂಡು ಮಾತ್ರೆ ನುಂಗಿದೆ. ಅದನ್ನೂ ಅರ್ಧ ಗುಟುಕು ನೀರಿನಲ್ಲಿ.

ಹುಡುಗಿಯರಿಗೆ ಇದ್ದದ್ದು ಶಾಲೆಯ ಹಿಂದಿನ ಜಾಲಿಯ ಮುಳ್ಳುಕಂಟಿ. ಇಬ್ಬಿಬ್ಬರಾಗಿ ಹೋಗುವುದು ನಿಯಮ. ಒಬ್ಬಳು ಕಂಟಿಯ ಹಿಂದೆ, ಇನ್ನೊಬ್ಬಳು ಮುಂದೆ ಕಾವಲು. ಹಿಂದೊಮ್ಮೆ ಶೌಚಾಲಯ ಅನ್ನುವುದೊಂದಿತ್ತು. ಒಂದು ಮಳೆಗಾಲ ಅದರ ಸೂರು ಕೆಳಗೆ ಬಂತು, ಮುಂದಿನ ಮಳೆಗಾಲ ಗೋಡೆಗಳೂ ಹಿಂಬಾಲಿಸಿದವು. ಆವತ್ತಿನಿಂದ ನಾನು ಬರೆದ ಅರ್ಜಿಗಳಿಗೆಲ್ಲ ಒಂದೇ ಉತ್ತರ, ಅನುದಾನ ಬಂದ ಕೂಡಲೇ ಪರಿಶೀಲಿಸಲಾಗುವುದು. ಅನುದಾನ ಎಲ್ಲಿಂದ ಹೊರಟಿದೆ, ಯಾವ ಬಸ್ಸಿನಲ್ಲಿ ಬರುತ್ತಿದೆ ಅಂತ ಯಾರೂ ಹೇಳಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರು, ಇವಳು ಅಜ್ಜಿಯ ಹತ್ತಿರ ಉಳಿದಿದ್ದಳು. ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ಇಂಥ ಮಕ್ಕಳು ಪ್ರತಿವರ್ಷ ಸಿಗುವುದಿಲ್ಲ. ದಸರೆ ರಜೆ ಮುಗಿದ ಮೇಲೆ ಒಂದು ದಿನ ಅವಳ ಅಜ್ಜಿ ಶಾಲೆಗೆ ಬಂದು, ಕುಂದ್ರಿ ಅಂದರೂ ಕೂರದೆ ನಿಂತೇ ಮಾತಾಡಿದಳು.

"ಟೀಚರ್, ಪೋರಿ ಶ್ಯಾಣ್ಯಾಕಿ ಅದಾಳಂತ ನನಗೂ ಗೊತ್ತದ. ಆದ್ರ ಮುಳ್ಳಕಂಟ್ಯಾಗ ಕುಂದ್ರಲಾಕ ನಾ ಸಾಲಿಗಿ ಕಳಸೋದಿಲ್ಲ. ಮೊನ್ನೆ ಯಾವನೋ ಗಾಡಿ ನಿಂದ್ರಿಸಿ ನೋಡಕೋತ ನಿಂತಿದ್ದನಂತ. ಸಂಕ್ರಾಂತಿ ತನಕ ನೋಡ್ತೀನಿ. ಆಮ್ಯಾಲ ಆಕಿ ನನ್ನ ಕೂಡ ತೊಗರಿ ಹೊಲಕ್ಕ ಬರ್ತಾಳ."

ಓದು ಮುಖ್ಯ ಅಂತ ಒಂದು ಭಾಷಣ ಮಾಡಬಹುದಿತ್ತು, ನಾಚಿಕೆಯಾಗಿ ಬಿಟ್ಟೆ. ಅವತ್ತು ಸಂಜೆ ಮತ್ತೊಂದು ಅರ್ಜಿ ಬರೆದೆ.

ಆ ಅರ್ಜಿಗೆ ಉತ್ತರ ಬರಲಿಲ್ಲ, ಜೀಪುಗಳು ಬಂದವು. ಒಂದರ ಹಿಂದೆ ಒಂದು, ಧೂಳೆಬ್ಬಿಸಿಕೊಂಡು. ಒಂದು ಗಳಿಗೆ ನಾನೂ ಹುಚ್ಚಿಯ ಹಾಗೆ ಖುಷಿಪಟ್ಟೆ. ಇಳಿದವರು ಶಾಲೆಯ ಕಡೆ ನೋಡಲೇ ಇಲ್ಲ. ಆಟದ ಮೈದಾನದ ನಡುವೆ ನಿಂತು ಆಕಾಶ ನೋಡಿದರು. ಆಮೇಲೆ ಅವರಲ್ಲೊಬ್ಬ, ಕಂದಾಯ ಇಲಾಖೆಯ ಅಧಿಕಾರಿ, ನನ್ನ ಕೋಣೆಗೆ ಬಂದು ವಿಷಯ ಹೇಳಿದ. ದೂರದ ರಾಜ್ಯದ ಗುರುಗಳೊಬ್ಬರು ಸೇಡಂಗೆ ಬರುತ್ತಾರೆ, ಸಭೆ ಇದೆ, ಅವರ ಹೆಲಿಕಾಪ್ಟರ್ ಇಳಿಯುವುದು ನಮ್ಮ ಮೈದಾನದಲ್ಲಿ. ಗುರುಗಳ ಹೆಸರು ಇಲ್ಲಿ ಬೇಡ. ಬೆಳಗಿನ ಹೊತ್ತು ಟಿವಿಯಲ್ಲಿ ಪ್ರವಚನ ಹೇಳುವವರು, ಎಲ್ಲವನ್ನೂ ತ್ಯಜಿಸಿದವರು.

ಭಕ್ತರು ಕರೆಸಿ, ಭಕ್ತರೇ ಖರ್ಚು ಹಾಕಿ, ಊಟ ಮಾಡಿಸಿ ಕಳಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಸರ್ಕಾರ ಅವರನ್ನು ರಾಜ್ಯ ಅತಿಥಿ ಅಂತ ಘೋಷಿಸಿತ್ತು. ಅಂದರೆ ಅವರ ಓಡಾಟ, ವಸತಿ, ಕಾವಲು ಎಲ್ಲವೂ ಸರ್ಕಾರದ ಮೇಲೆ. ತ್ಯಾಗ ಮಾಡಿದವರನ್ನು ಸಾಕುವುದು ಸಂಸಾರಸ್ಥರನ್ನು ಸಾಕುವುದಕ್ಕಿಂತ ದುಬಾರಿ ಅಂತ ನನಗೆ ಆಗ ಗೊತ್ತಾಯಿತು.

"ಹುಡುಗ್ಯಾರ ಶೌಚಾಲಯಕ್ಕ ರೊಕ್ಕ ಇಲ್ಲಂತ ನೀವೇ ಬರದಿದ್ರಲ್ರಿ?" ಅಂತ ಅಧಿಕಾರಿಯನ್ನು ಕೇಳಿದೆ.

"ಅದು ಬ್ಯಾರೆ ಹೆಡ್ಡು ಮೇಡಂ, ಇದು ಬ್ಯಾರೆ ಹೆಡ್ಡು," ಅಂದ. ಆಮೇಲೆ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಸರ್ಕಾರದ ಹಣ ಬೇರೆ ಬೇರೆ ಲೆಕ್ಕದ ಶೀರ್ಷಿಕೆಗಳಲ್ಲಿ ಇರುತ್ತದಂತೆ. ಹುಡುಗಿಯರದು ಖಾಲಿ, ಅತಿಥಿಗಳದು ತುಂಬಿದೆ, ಒಂದರದು ಇನ್ನೊಂದಕ್ಕೆ ಹಾಕಿದರೆ ಆಡಿಟ್‌ನವರು ಸುಮ್ಮನೆ ಬಿಡುವುದಿಲ್ಲವಂತೆ. ಅವನ ದನಿಯಲ್ಲಿ ಆಡಿಟ್‌ನವರ ಬಗ್ಗೆ ಇದ್ದ ಭಯಭಕ್ತಿ ಗುರುಗಳ ಬಗ್ಗೆಯೂ ಇರಲಿಲ್ಲ.

ಮರುದಿನದಿಂದ ಸರ್ಕಾರ ಅನ್ನುವುದು ನಿಜವಾಗಿಯೂ ಇದೆ, ಅದಕ್ಕೆ ಕೈಕಾಲುಗಳೂ ಇವೆ ಅಂತ ನಮ್ಮೂರಿಗೆ ಸಾಬೀತಾಯಿತು. ವರ್ಷಗಟ್ಟಲೆ ಬಸ್ಸುಗಳ ಸ್ಪ್ರಿಂಗ್ ಪಾಟಾ ಮುರಿದ ರಸ್ತೆಗೆ ಡಾಂಬರು ಬಿತ್ತು. ಶಾಲೆಯ ಮುಂದೆ ಮಕ್ಕಳು ದಾಟಲೆಂದು ಹಾಕಿಸಿದ್ದ ಉಬ್ಬು, ಗುರುಗಳ ಬೆನ್ನಿಗೆ ತ್ರಾಸಾದೀತು ಅಂತ ಕಿತ್ತು ಹೋಯಿತು. ಶಾಲೆಯ ಗೋಡೆಗೆ ಸುಣ್ಣ ಬಂತು, ರಸ್ತೆಗೆ ಕಾಣುವ ಬದಿಗೆ ಮಾತ್ರ. ಸಿಮೆಂಟಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ್ದ ಬೇವಿನ ಮರಗಳನ್ನು ಟ್ಯಾಂಕರಿನ ನೀರಿನಲ್ಲಿ ತೊಳೆದರು. ಅವು ಹಸಿರಾಗಿದ್ದನ್ನು ನಾನು ಅಲ್ಲಿ ಸೇರಿದ ಮೇಲೆ ಮೊದಲ ಸಲ ನೋಡಿದೆ. ಸತ್ಯ ಹೇಳಬೇಕು, ಚೆಂದ ಕಂಡವು.

ಇಷ್ಟಾದರೂ ನಗುತ್ತಾ ಇದ್ದೆ. ಆಮೇಲೆ ಜೆಸಿಬಿ ಶಾಲೆಯ ಹಿಂದೆ ಹೋಯಿತು.

ಭದ್ರತೆಗೆ ಬಂದಿದ್ದ ದೊಡ್ಡ ಪೊಲೀಸ್ ಅಧಿಕಾರಿ ಮುಳ್ಳುಕಂಟಿಯನ್ನು ನೋಡಿ, ಇದರಲ್ಲಿ ಯಾರು ಬೇಕಾದರೂ ಅಡಗಬಹುದು ಅಂದಿದ್ದ. ಅವನ ಮಾತು ತಪ್ಪಲ್ಲ, ಅದು ಇದ್ದದ್ದೇ ಅದಕ್ಕೆ. ನಾನು ಓಡಿಹೋಗಿ ಜೆಸಿಬಿಯ ಮುಂದೆ ನಿಂತು, ಇದು ನಮ್ಮ ಹುಡುಗಿಯರ ಜಾಗ, ಕಡಿಯಬೇಡಿ ಅಂದೆ. ಮುಖ್ಯೋಪಾಧ್ಯಾಯಿನಿಯೊಬ್ಬಳು ಜಾಲಿಯ ಮುಳ್ಳಿಗಾಗಿ ಜಗಳಕ್ಕೆ ನಿಂತದ್ದು ನೋಡಿ ಆ ಪೊಲೀಸ್ ಅಧಿಕಾರಿಗೆ ಆಶ್ಚರ್ಯವಾಯಿತು. ಆದೇಶ ಆದೇಶವೇ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಹೊಲದ ತೊಗರಿ ಸಾಲುಗಳವರೆಗೆ ನೆಲ ಬೋಳು. ಆ ಅಧಿಕಾರಿಗಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಸಂಕ್ರಾಂತಿಗೆ ಬಹಳ ದಿನ ಉಳಿದಿರಲಿಲ್ಲ, ಅಜ್ಜಿಗೆ ಈಗ ಕಾಯುವ ಕಾರಣವೂ ಉಳಿಯಲಿಲ್ಲ.

ಇದೇ ಹೊತ್ತಿಗೆ ಅಧಿಕಾರಿಗಳ ಸಭೆಯಲ್ಲಿ ಯಾರಿಗೋ ಒಂದು ಯೋಚನೆ ಬಂತು. ಗುರುಗಳು ಹೆಲಿಕಾಪ್ಟರಿನಿಂದ ಇಳಿದಾಗ ಅಕಸ್ಮಾತ್ ಅವಸರವಾದರೆ? ವಯಸ್ಸಾದವರು. ಸಭೆ ಗಂಭೀರವಾಯಿತಂತೆ. ವರ್ಷಗಟ್ಟಲೆ ನಮ್ಮ ಹುಡುಗಿಯರ ಅವಸರಕ್ಕೆ ಸಿಗದ ಮಂಜೂರಾತಿ, ಗುರುಗಳಿಗೆ ಇನ್ನೂ ಬಾರದ ಅವಸರಕ್ಕೆ ಆ ಮಧ್ಯಾಹ್ನವೇ ಸಿಕ್ಕಿತು. ಮೈದಾನದ ಮೂಲೆಯಲ್ಲಿ ತಾತ್ಕಾಲಿಕ ಶೌಚಾಲಯ, ತಗಡಿನ ಗೋಡೆ, ಕಾರ್ಯಕ್ರಮ ಮುಗಿದ ಕೂಡಲೇ ಕಿತ್ತು ಹಾಕತಕ್ಕದ್ದು.

ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ದಕ್ಷಿಣದ ಕಡೆಯವನು, ಹೊಸದಾಗಿ ವರ್ಗವಾಗಿ ಬಂದಿದ್ದ. ಅವನು ಒಬ್ಬ ಗುತ್ತಿಗೆದಾರನಿಗೆ ಹೇಳಿದ. ಗುತ್ತಿಗೆದಾರ ನಮ್ಮೂರ ಮೇಸ್ತ್ರಿಗೆ ಹೇಳಿದ. ಹೇಳಿ ಇಬ್ಬರೂ ಹೆಲಿಪ್ಯಾಡಿನ ಕೆಲಸಕ್ಕೆ ಹೋದರು. ತಪ್ಪಾದದ್ದು ಅಲ್ಲೇ. ನಮ್ಮ ಕಡೆಯ ಮೇಸ್ತ್ರಿಗೆ ಏನಾದರೂ ಕಟ್ಟು ಅಂತ ಹೇಳಿ ಕಣ್ಣು ಬೇರೆ ಕಡೆ ತಿರುಗಿಸಬಾರದು. ಇಲ್ಲಿ ತಗಡು ಕೊಂಡು ತರಬೇಕು, ಕಲ್ಲು ಕಾಲಿಗೆ ಎಡವುತ್ತದೆ. ಮನೆಯ ಗೋಡೆ ಕಲ್ಲು, ಸೂರು ಕಲ್ಲು, ಹೊಲದ ಬೇಲಿ ನಿಲ್ಲಿಸಿದ ಕಲ್ಲು, ಎಮ್ಮೆ ನೀರು ಕುಡಿಯುವ ಬಾನಿಯೂ ನಾಲ್ಕು ಫರ್ಸಿಕಲ್ಲಿನ ಚಪ್ಪಡಿ ಜೋಡಿಸಿದ್ದು. ಒಂದು ದಿನದ ಮಟ್ಟಿಗೆ ಕಟ್ಟುವುದು ಅಂದರೇನು ಅಂತ ಆ ಮೇಸ್ತ್ರಿಗೆ ಯಾರೂ ಕಲಿಸಿರಲಿಲ್ಲ.

ಮೇಲಾಗಿ ಅವನು ಭಕ್ತ. "ಗುರುಗೋಳಿಗಿ ತಗಡಾ ಮೇಡಂ? ನಮ್ಮ ಊರ ಮರ್ಯಾದಿ ಏನಾಗಬೇಕು?" ಅಂತ ನನ್ನನ್ನೇ ಕೇಳಿದ.

ಇನ್ನೊಬ್ಬಳಾಗಿದ್ದರೆ ಎಂಜಿನಿಯರನ್ನು ಕರೆಯುತ್ತಿದ್ದಳೇನೋ. ನಾನು ಮೇಸ್ತ್ರಿಗೆ ಚಹಾ ತರಿಸಿದೆ. ಮರ್ಯಾದೆಯ ಪ್ರಶ್ನೆ ಬಂದಾಗ ಕಲ್ಲೇ ಸರಿ ಅಂದೆ.

ಖಣಿಯ ಅಂಚಿನಲ್ಲಿ ಬಿದ್ದಿದ್ದ ಚಪ್ಪಡಿಗಳು ಟ್ರ್ಯಾಕ್ಟರಿನಲ್ಲಿ ಬಂದವು. ಪಾಯ ತೋಡಿದ, ಗುಂಡಿ ತೋಡಿ ಅದಕ್ಕೂ ಕಲ್ಲು ಕಟ್ಟಿದ. ಗುರುಗಳಿಗೆ ಕುರ್ಚಿಯ ಹಾಗೆ ಕೂರುವ ಪದ್ಧತಿಯೋ ನಮ್ಮ ಪದ್ಧತಿಯೋ ತಿಳಿಯದೆ ಎರಡು ಕೋಣೆ ಮಾಡಿದ. ಒಂದರಲ್ಲಿ ಗುತ್ತಿಗೆದಾರ ಅಂಗಡಿಯಿಂದ ಬಾಡಿಗೆಗೆ ತಂದ ಕಮೋಡು, ಇನ್ನೊಂದರಲ್ಲಿ ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ ನಮ್ಮ ಪದ್ಧತಿಯದು. ಪಕ್ಕಕ್ಕೆ ಕಲ್ಲಿನ ನೀರಿನ ಬಾನಿ. ಬಾಗಿಲ ಮೇಲೆ "ಅತಿ ಗಣ್ಯ ವ್ಯಕ್ತಿಗಳಿಗೆ ಮಾತ್ರ" ಅಂತ ಕಾಗದ ಅಂಟಿಸಲು ಹೇಳಿದ್ದರು. ಹೆಲಿಕಾಪ್ಟರಿನ ಗಾಳಿಗೆ ಕಾಗದ ನಿಲ್ಲುವುದಿಲ್ಲ ಅಂತ ಅದನ್ನು ಉಳಿಯಿಂದ ಕಲ್ಲಿನಲ್ಲೇ ಕೆತ್ತಿದ.

ಮುಗಿದ ಮೇಲೆ ಎಂಜಿನಿಯರ್ ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ತಾತ್ಕಾಲಿಕ ಅಂತ ಹೇಳಿದ್ದೆನಲ್ಲಪ್ಪ. ಕಾಯಂ ಕಟ್ಟಡಕ್ಕೆ ಬೇರೆ ಮಂಜೂರಾತಿ ಬೇಕು," ಅಂದ.

"ತಾತ್ಕಾಲಿಕನೇ ಅದರೀ ಸಾಹೇಬ್ರ," ಅಂದ ಮೇಸ್ತ್ರಿ. "ಕಾಯಂ ಕಟ್ಟೋದಿದ್ರ ಗ್ವಾಡಿ ಇನ್ನಾ ಜರಾ ದಪ್ಪ ಮಾಡ್ತಿದ್ದೆ."

ಕೆಡವಿ ಕಟ್ಟಲು ಸಮಯವಿರಲಿಲ್ಲ. ಅಷ್ಟರಲ್ಲಿ ಪೊಲೀಸ್ ವ್ಯಾನುಗಳು ಬರತೊಡಗಿದ್ದವು. ಚಿತ್ತಾಪುರದಿಂದ, ವಾಡಿಯಿಂದ, ಶಹಾಬಾದದಿಂದ, ಚಿಂಚೋಳಿಯಿಂದ. ಆ ಊರುಗಳ ಕಳ್ಳರಿಗೆ ಸರ್ಕಾರವೇ ರಜೆ ಕೊಟ್ಟ ಹಾಗಾಯಿತು. ನಮ್ಮ ತರಗತಿಗಳೆಲ್ಲ ಪೊಲೀಸರ ವಸತಿಯಾದವು, ಮಕ್ಕಳಿಗೆ ರಜೆ. ಬೋರ್ಡಿನ ಮೇಲೆ ತ್ರಿಕೋನದ ಪಕ್ಕ ಯಾರೋ ಬಂದೋಬಸ್ತಿನ ನಕ್ಷೆ ಬರೆದರು. ಶಾಲೆ ಸರ್ಕಾರಿ, ಕರೆಂಟು ಸರ್ಕಾರಿ, ಅನ್ನ ಸರ್ಕಾರಿ, ಇದರಲ್ಲಿ ಖರ್ಚು ಎಲ್ಲಿ ಬಂತು ಅಂತ ಕಂದಾಯದ ಅಧಿಕಾರಿ ಪತ್ರಿಕೆಯವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ.

ಗುರುಗಳು ಬರುವ ಹಿಂದಿನ ದಿನ ಬಾಂಬು ಪತ್ತೆ ದಳದವರು ನಾಯಿ ಕರೆದುಕೊಂಡು ಬಂದರು. ನಾಯಿ ಮೈದಾನ ಮೂಸಿತು, ಧ್ವಜಸ್ತಂಭ ಮೂಸಿತು, ನನ್ನ ಊಟದ ಡಬ್ಬಿಯನ್ನು ಹೆಚ್ಚು ಹೊತ್ತು ಮೂಸಿತು. ಕೊನೆಗೆ ಶೌಚಾಲಯದೊಳಗೆ ಹೋಗಿ, ಎಲ್ಲ ಮೂಲೆ ನೋಡಿ, ಒಂದು ಮೂಲೆಯಲ್ಲಿ ಕಾಲೆತ್ತಿತು. ಉದ್ಘಾಟನೆ ಹೀಗಾಯಿತು. ಅದರ ಯಜಮಾನ ಸುತ್ತ ನೋಡಿ, ನೀರು ಹಾಕಿ, ಸುರಕ್ಷಿತ ಅಂತ ವರದಿ ಮಾಡಿದ. ಆಮೇಲೆ ಬಾಗಿಲಿಗೆ ಕಾವಲು. ಯಾರೂ ಒಳಗೆ ಹೋಗುವ ಹಾಗಿಲ್ಲ, ಹೋದರೆ ಮತ್ತೆ ನಾಯಿ ತರಿಸಬೇಕು.

ಮರುದಿನ ಕಾವಲಿಗೆ ಇದ್ದವಳು ಚಿಂಚೋಳಿ ಠಾಣೆಯ ಹುಡುಗಿ. ಹುಡುಗಿಯೇ, ನನ್ನ ಶಾಲೆಯಿಂದ ನಿನ್ನೆ ಮೊನ್ನೆ ಹೋದವಳ ಹಾಗಿದ್ದಳು. ಬಿಗಿಯಾದ ಬೆಲ್ಟು, ಕೈಯಲ್ಲಿ ಲಾಠಿ, ಸೂರ್ಯ ಹುಟ್ಟುವ ಮೊದಲಿನಿಂದ ಅದೇ ಬಾಗಿಲ ಮುಂದೆ. ಬಿಸಿಲೇರಿದ ಮೇಲೆ ನಾನು ನೀರಿನ ತಂಬಿಗೆ ಹಿಡಿದುಕೊಂಡು ಹೋದೆ. ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಮೇಡಂ. ನಿನ್ನಿ ರಾತ್ರಿಯಿಂದ ನೀರು ಕುಡಿದಿಲ್ಲ. ಕುಡಿದ್ರ ಮತ್ತ ಫಜೀತಿ."

ನನ್ನ ಹುಡುಗಿಯರದೇ ಮಾತು, ಸಮವಸ್ತ್ರ ಬೇರೆ. ರಸ್ತೆಯುದ್ದಕ್ಕೂ ನಿಂತಿದ್ದ ಮಹಿಳಾ ಪೊಲೀಸರ ಕಥೆಯೂ ಅದೇ ಅಂದಳು. ಅವರಿಗಾಗಿ ಒಂದು ಮೊಬೈಲ್ ಶೌಚಾಲಯದ ಗಾಡಿ ಬರುವುದಿತ್ತಂತೆ. ಅದನ್ನು ಸೇಡಂನ ವೇದಿಕೆಯ ಹಿಂದೆ ಗಣ್ಯರಿಗಾಗಿ ನಿಲ್ಲಿಸಿಕೊಂಡಿದ್ದರಂತೆ.

"ಹಿಂದಿದ್ದ ಕಂಟಿ ನಿಮ್ಮವರೇ ಕಡಿಸಿಬಿಟ್ಟರು," ಅಂದೆ.

"ಹೌದ್ರಿ, ಬಂದ ಕೂಡಲೇ ನೋಡಿದೆ," ಅಂದಳು. ಅವಳ ಮುಖ ನೋಡಿದರೆ ನಗುವ ಸ್ಥಿತಿಯಲ್ಲಿ ಇರಲಿಲ್ಲ.

ಹೆಲಿಕಾಪ್ಟರ್ ಬಂತು. ತೊಳೆದ ಮರಗಳ ಮೇಲೆ ಮತ್ತೆ ಧೂಳು ಕೂತಿತು, ಅವು ಮೊದಲಿನ ಬಣ್ಣಕ್ಕೆ ಬಂದವು. ಹೊಸ ಪೇಟ ಸುತ್ತಿಕೊಂಡು ಮಾಲೆ ಹಿಡಿದು ನಿಂತವರ ಪೇಟಗಳು ಹಾರಿದವು, ಅವುಗಳ ಹಿಂದೆ ಅವರು ಓಡಿದರು. ಗುರುಗಳು ನಿಧಾನವಾಗಿ ಇಳಿದರು. ಸಣ್ಣ ಆಳು, ಮಂಡಿನೋವು ಇದ್ದವರ ನಡಿಗೆ, ಮುಖದಲ್ಲಿ ಪ್ರಯಾಣದ ದಣಿವು. ಅವರನ್ನು ನೋಡಿ ನನಗೆ ಕೋಪ ಬರಲಿಲ್ಲ, ಬಂದಿದ್ದರೆ ಬರೆಯಲು ಸುಲಭವಾಗುತ್ತಿತ್ತು. ಕಲ್ಲಿನ ಶೌಚಾಲಯವನ್ನು ಅವರು ಕೇಳಿರಲಿಲ್ಲ, ಅತ್ತ ನೋಡಲೂ ಇಲ್ಲ. ಕಾರು ಹತ್ತಿದರು, ಸಾಲು ಕಾರುಗಳು ಸೇಡಂ ಕಡೆ ಹೊರಟವು. ಮೇಸ್ತ್ರಿ ಹೊಸ ಧೋತರ ಉಟ್ಟು ಶೌಚಾಲಯದ ದಿಕ್ಕಿನಲ್ಲೇ ಕೈಮುಗಿದು ನಿಂತಿದ್ದ. ಪಾಪ, ಅವನಿಗೆ ನಿಜವಾಗಿ ಬೇಜಾರಾಯಿತು.

ಕಾರುಗಳ ಧೂಳು ಅಡಗಿದ ಮೇಲೆ ನಾನು ಚಿಂಚೋಳಿಯವಳ ಕೈಯಿಂದ ಲಾಠಿ ತೆಗೆದುಕೊಂಡೆ. "ಹೋಗು ಒಳಗ. ನಾ ನಿಂದ್ರತೀನಿ," ಅಂದೆ.

"ಆರ್ಡರ್ ಅದರೀ ಮೇಡಂ, ಯಾರೂ ಹೋಗಬಾರದಂತ."

"ನಾನೂ ಸರ್ಕಾರಿ ನೌಕರಳೇ. ನಾ ಆರ್ಡರ್ ಕೊಡ್ಲಿಕತ್ತೀನಿ, ಹೋಗು."

ಹೋದಳು. ಬಾಗಿಲು ಮುಚ್ಚಿತೋ ಇಲ್ಲವೋ ಇನ್‌ಸ್ಪೆಕ್ಟರ್ ಒಬ್ಬ ದಾಪುಗಾಲು ಹಾಕುತ್ತಾ ಬಂದ. ಸೀರೆಯುಟ್ಟು ಲಾಠಿ ಹಿಡಿದು ನಿಂತವಳನ್ನು ನೋಡಿ ತಡೆದು ನಿಂತ. "ಇಲ್ಲಿ ಡ್ಯೂಟಿ ಮ್ಯಾಲಿದ್ದಾಕಿ ಎಲ್ಲಿ?"

"ಒಳಗ ತಪಾಸಣಿ ಮಾಡ್ಲಿಕತ್ತಾಳ."

"ಈಗೆದಕ್ಕ?"

"ಗುರುಗೋಳು ವಾಪಸ್ ಬರೂದದಲ್ರಿ. ಮತ್ತೊಮ್ಮೆ ನೋಡೂದು ಛಲೋ."

ಯೋಚಿಸಿದ. ತಲೆಯಾಡಿಸಿದ. ಇಂಥ ಜವಾಬ್ದಾರಿ ಎಲ್ಲರಿಗೂ ಇರಬೇಕು ಅಂತ ಹೇಳಿ ಹೋದ. ಅವಳು ಹೊರಗೆ ಬಂದು, ಮೊದಲು ನನ್ನ ಕೈಯ ತಂಬಿಗೆ ಇಸಿದುಕೊಂಡು ಗಟಗಟ ಕುಡಿದಳು. ಆಮೇಲೆ ಫೋನಿನಲ್ಲಿ ಯಾರಿಗೋ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ವಾಡಿಯವಳೊಬ್ಬಳು ತಪಾಸಣೆಗೆ ಬಂದಳು. ಶಹಾಬಾದದವರು ಇಬ್ಬರು ಬಂದರು. ಚಿತ್ತಾಪುರದ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೇಬಲ್ ಹೆಂಗಸು, ಕಾಲು ಎಳೆದುಕೊಂಡು ಬಂದವಳು, ನನಗೆ ಸೆಲ್ಯೂಟ್ ಹೊಡೆದು ಒಳಗೆ ಹೋದಳು. ನಮ್ಮ ಜಿಲ್ಲೆಯಲ್ಲಿ ಇನ್ನಾವ ಕಟ್ಟಡವೂ ಆ ದಿನ ಅಷ್ಟು ಚೆನ್ನಾಗಿ ತಪಾಸಣೆಯಾಗಿರಲಿಕ್ಕಿಲ್ಲ.

ಗುರುಗಳು ವಾಪಸ್ ಬರಲೇ ಇಲ್ಲ. ಸೇಡಂನಲ್ಲಿ ಸ್ವಾಗತ ಕೋರುವವರೆಲ್ಲ ಕೋರಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಲು ಬಂತು. ಕತ್ತಲಲ್ಲಿ ಹಾರುವುದು ಬೇಡ ಅಂತ ಅವರು ಕಾರಿನಲ್ಲೇ ಹೈದರಾಬಾದಿಗೆ ಹೋದರು. ಖಾಲಿ ಹೆಲಿಕಾಪ್ಟರನ್ನು ರಾತ್ರಿಯಿಡೀ ಬಂದೂಕು ಹಿಡಿದು ಕಾದರು. ಬೆಳಗ್ಗೆ ಅದು ಖಾಲಿಯಾಗಿಯೇ ಹಾರಿತು. ಪೊಲೀಸರು ಸಾಲಾಗಿ ನಿಂತು ಅದಕ್ಕೂ ಗೌರವ ಕೊಟ್ಟರು.

ವ್ಯಾನಿಗೆ ಬ್ಯಾರಿಕೇಡುಗಳನ್ನು ತುಂಬುವಾಗ ಚಿಂಚೋಳಿಯವಳು ನನ್ನ ಹತ್ತಿರ ಬಂದಳು. ಗುರುಗಳು ಹೋದ ಮೇಲೆ ಈ ಶೌಚಾಲಯ ಹುಡುಗಿಯರಿಗೋ ಅಂತ ಕೇಳಿದಳು. ಕಿತ್ತು ಹಾಕುತ್ತಾರಂತೆ ಅಂದೆ. ಅಜ್ಜಿಯ ವಾಯಿದೆಯನ್ನೂ ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ಅವಳು ವ್ಯಾನಿನ ಕಡೆ ಹೋದಳು. ವ್ಯಾನು ಹೋದ ಮೇಲೆ ನೋಡಿದರೆ ಒಂದು ಬ್ಯಾರಿಕೇಡು ಶೌಚಾಲಯದ ಗೋಡೆಗೆ ಆತು ನಿಂತಿತ್ತು. ಮರೆತು ಹೋಗುವಷ್ಟು ಸಣ್ಣ ವಸ್ತು ಅದಲ್ಲ.

ಮೂರ್ನಾಲ್ಕು ಆಳುಗಳ ಜೊತೆ ಗುತ್ತಿಗೆದಾರ ಬಂದ. ಕಿತ್ತು ಹಾಕುವುದಕ್ಕೂ ಬಿಲ್ಲು ಇತ್ತು, ಆದ್ದರಿಂದ ಉತ್ಸಾಹದಿಂದಲೇ ಬಂದಿದ್ದ. ಮೊದಲು ಬಾಡಿಗೆಯ ಕಮೋಡು ಬಿಚ್ಚಿದರು. ಪ್ಲಾಸ್ಟಿಕ್ ಟ್ಯಾಂಕು, ಕನ್ನಡಿ, ನಲ್ಲಿ, ಬಾಗಿಲು ಎಲ್ಲ ಗಾಡಿಗೆ ಹೋಯಿತು. ಆಮೇಲೆ ಗೋಡೆಗೆ ಹಾರೆ ಹಾಕಿದರು. ಹಾರೆ ಬಾಗಿತು. ಸುತ್ತಿಗೆ ತಂದರು, ಹಿಡಿ ಮುರಿಯಿತು. ಮೇಸ್ತ್ರಿ ಬೇವಿನ ಕೆಳಗೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದ. ಜೆಸಿಬಿ ತರಬೇಕಾಗ್ತದ ಅಂದ ಒಬ್ಬ ಆಳು. ಅದರ ಬಾಡಿಗೆ ಬಿಲ್ಲಿನಲ್ಲಿ ಇಲ್ಲ ಅಂದ ಗುತ್ತಿಗೆದಾರ.

ಕೊನೆಗೆ ಅವನು ಮೈದಾನದ ಆ ತುದಿಗೆ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ನಿಂತು, ಬಯಲಿನ ಫೋಟೊ ತೆಗೆದುಕೊಂಡ. ತಾತ್ಕಾಲಿಕ ಶೌಚಾಲಯ ಕಿತ್ತ ನಂತರದ ದೃಶ್ಯ. ನೀಟಾಗಿ ಬಂದಿತ್ತು, ನನಗೂ ತೋರಿಸಿದ.

ಬೆಂಚುಗಳು ತರಗತಿಗೆ ಮರಳಿದವು, ಶಾಲೆ ಶುರುವಾಯಿತು. ಬ್ಯಾರಿಕೇಡನ್ನು ಮೇಸ್ತ್ರಿ ನಮ್ಮ ಪದ್ಧತಿಯ ಕೋಣೆಯ ಬಾಗಿಲ ಚೌಕಟ್ಟಿಗೆ ತಂತಿ ಸುತ್ತಿ ಕೂರಿಸಿದ. ಅದರ ಸಂದುಗಳಿಗೆ ಹೊದಿಕೆ ಬೇಕಿತ್ತು. ಗುರುಗಳ ಫ್ಲೆಕ್ಸುಗಳು ರಸ್ತೆಯುದ್ದಕ್ಕೂ ಹರಿದು ಬಿದ್ದಿದ್ದವು. ಅವರ ನಗುಮುಖ ಒಳಗೆ ಬರುವ ಹಾಗೆ ಕಟ್ಟಿದರೆ ಹುಡುಗಿಯರು ಒಪ್ಪುವುದಿಲ್ಲ, ಹೊರಗೆ ಬರುವ ಹಾಗೆ ಕಟ್ಟಿದರೆ ಊರು ಒಪ್ಪುವುದಿಲ್ಲ. "ಸುಸ್ವಾಗತ" ಅಂತ ಮಾತ್ರ ಇದ್ದ ತುಂಡನ್ನು ಕತ್ತರಿಸಿ ತಂದು ಕಟ್ಟಿದೆವು.

ಸಂಕ್ರಾಂತಿಯ ಎಳ್ಳು ಹಂಚಿ ಮುಗಿದ ಮರುದಿನ ಅಜ್ಜಿ ಬಂದಳು. ಹಿಂದೆ ಹುಡುಗಿ, ಪುಸ್ತಕದ ಚೀಲವಿಲ್ಲದೆ.

"ಕಂಟೀನೂ ಕಡಿಸೀರಂತ ಕೇಳಿದೆ," ಅಂದಳು ಅಜ್ಜಿ.

ನಾನು ಅವಳನ್ನು ಮೈದಾನದ ಮೂಲೆಗೆ ಕರೆದುಕೊಂಡು ಹೋದೆ. ಅಜ್ಜಿ ಸುತ್ತು ಹಾಕಿದಳು. ಬೆರಳ ಗೆಣ್ಣಿನಿಂದ ಕಲ್ಲು ಬಡಿದು ನೋಡಿದಳು, ಇಡೀ ಜನ್ಮ ಕಲ್ಲಿನ ಮನೆಯಲ್ಲಿ ಕಳೆದವಳು. ಒಳಗೆ ಹೋಗಿ ಬ್ಯಾರಿಕೇಡು ಎಳೆದುಕೊಂಡು, ಯಾವ ಸಂದಿನಿಂದ ಏನು ಕಾಣುತ್ತದೆ ಅಂತ ಪರೀಕ್ಷೆ ಮಾಡಿದಳು. ಹೊರಗೆ ಬಂದು ಬಾಗಿಲ ಮೇಲಿನ ಅಕ್ಷರಗಳ ಕಡೆ ಕೈ ಮಾಡಿದಳು. ಓದು ಬಾರದವಳು.

"ಅಲ್ಲೇನು ಕೆತ್ಯಾರ?"

"ಭಾಳ ದೊಡ್ಡ ಮಂದಿಗಿ ಅಷ್ಟೇ ಅಂತ ಅದ."

"ಹಂಗಂದ್ರ ಯಾರಿಗಿ?"

"ನಿನ್ನ ಮೊಮ್ಮಗಳಿಗಿ," ಅಂದೆ. ಸಿಟ್ಟಿನಲ್ಲೇ ಅಂದೆ, ಆ ಸಿಟ್ಟು ಅಜ್ಜಿಯ ಮೇಲಿನದಲ್ಲ.

ಅಜ್ಜಿ ನನ್ನ ಮುಖ ನೋಡಿದಳು, ಕಲ್ಲು ನೋಡಿದಳು. "ಚೀಲ ತರ್ತೀನಿ, ಮನ್ಯಾಗ ಅದ," ಅಂತ ಹೊರಟಳು. ಹುಡುಗಿ ತರಗತಿಗೆ ಹೋದಳು.

ಆಮೇಲೆ ಶಾಲೆಗಳ ತಪಾಸಣೆಗೆ ಒಬ್ಬರು ಬಂದರು. ಹುಡುಗಿಯರ ಶೌಚಾಲಯ ಅನ್ನುವ ಕಡೆ "ಇಲ್ಲ" ಅಂತ ಬರೆದುಕೊಂಡರು. ನಾನು ಕಿಟಕಿಯಿಂದ ತೋರಿಸಿದೆ. ಅವರೂ ಬಗ್ಗಿ ನೋಡಿದರು.

"ಅದು ಕಿತ್ತು ಹಾಕ್ಯಾರ ಮೇಡಂ, ದಾಖಲಿ ಅದ."

"ಕಣ್ಣಿಗಿ ಕಾಣ್ಲಿಕತ್ತದಲ್ರಿ."

"ಕಾಣ್ತದ," ಅಂದರು. "ಆದ್ರ ಇಲ್ಲ."

ಇಲ್ಲದ ಶೌಚಾಲಯಕ್ಕೆ ನಲ್ಲಿ ಕೇಳುವ ಹಾಗಿಲ್ಲ, ಬಾಗಿಲು ಕೇಳುವ ಹಾಗಿಲ್ಲ. ಕೆಡವಿ ಅಂತ ಹೇಳುವ ಹಾಗೂ ಇಲ್ಲ. ಹುಡುಗಿಯರೇ ಪಾಳಿ ಹಚ್ಚಿಕೊಂಡು ಬೋರ್‌ವೆಲ್‌ನಿಂದ ಬಾನಿಗೆ ನೀರು ತುಂಬಿಸುತ್ತಾರೆ. ಚಿಂಚೋಳಿ ಠಾಣೆಯಿಂದ ಬ್ಯಾರಿಕೇಡು ಕೇಳಿಕೊಂಡು ಯಾರೂ ಬಂದಿಲ್ಲ. ರಾಜ್ಯ ಅತಿಥಿಯ ಖರ್ಚು ಎಷ್ಟಾಯಿತು ಅಂತ ಯಾರಿಗೂ ಗೊತ್ತಿಲ್ಲ, ಕೇಳಿದವರಿಗೆ ಪರಿಶೀಲಿಸಲಾಗುವುದು ಅಂತ ಉತ್ತರ ಹೋಗಿದೆ. ಹೊಸ ಡಾಂಬರು ಮುಂದಿನ ಮಳೆಗೆ ಕಿತ್ತುಹೋಯಿತು, ಉಬ್ಬು ಇನ್ನೂ ಬಂದಿಲ್ಲ.

ಅಜ್ಜಿ ಬಂದುಹೋದ ಆ ದಿನದ ಒಂದು ಮಾತು ಉಳಿಯಿತು. ಚೀಲ ಬಂದ ಮೇಲೆ ನಾನು ಒಂಬತ್ತನೇ ತರಗತಿಗೆ ಪಾಠಕ್ಕೆ ಹೋಗಿದ್ದೆ. ಪಾಠದ ನಡುವೆ ಆ ಹುಡುಗಿ ಎದ್ದು ನಿಂತಳು. ಉತ್ತರ ಹೇಳುತ್ತಾಳೆ ಅಂದುಕೊಂಡೆ. ಇಲ್ಲ, ಮೂಲೆಯ ನೀರಿನ ಕೊಡದ ಹತ್ತಿರ ಹೋದಳು. ಆ ಕೊಡದ ನೀರು ದಿನಾ ಸಂಜೆ ಹಾಗೇ ಗಿಡಕ್ಕೆ ಹೋಗುತ್ತಿತ್ತು. ಒಂದು ಲೋಟ ತುಂಬಿಕೊಂಡು, ಹನ್ನೊಂದು ಗಂಟೆಯ ಬಿಸಿಲಿನ ಹೊತ್ತಿನಲ್ಲಿ, ಎಲ್ಲರೆದುರು ನಿಂತು ಪೂರ್ತಿ ಕುಡಿದಳು. ಮತ್ತೆ ತುಂಬಿಕೊಂಡಳು. ಉಳಿದ ಹುಡುಗಿಯರು ಅವಳನ್ನೇ ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ನಾನು ಪಾಠ ನಿಲ್ಲಿಸಿ ಕಾದೆ. ಎಲ್ಲರದೂ ಆದ ಮೇಲೆ ಲೋಟ ತೊಳೆದು ನಾನೂ ಕುಡಿದೆ.